ಕಟ್ಟೆಯ ಮೇಲೆ ನಿಂತವರಿಗೆ ಸೀಟಿ ಊದದ ಅಕ್ಕ

ಬೆಳಕು ಸರಿಯಾಗಿ ಹರಿದಿಲ್ಲ. ಈಜುಕೊಳದ ಕಾವಲುಗಾರ್ತಿ ಆಗಲೇ ಅಂಚಿನುದ್ದಕ್ಕೂ ಓಡಾಡುತ್ತಿದ್ದಾರೆ. ಕೂರಲೆಂದು ಹಾಕಿಸಿದ ಎತ್ತರದ ಕುರ್ಚಿಯಲ್ಲಿ ಆಕೆಯ ಒದ್ದೆ ಟವೆಲ್ ಕೂತಿದೆ. ಮಕ್ಕಳ ಬಾಯಲ್ಲಿ ಆಕೆ 'ಸೀಟಿ ಅಕ್ಕ'. ಆದರೆ ನೆಗೆಯುವ ಕಟ್ಟೆಯ ಮೇಲೆ ಯಾರಾದರೂ ನಿಂತರೆ ಮಾತ್ರ ಸೀಟಿ ಊದುವುದಿಲ್ಲ.

ಮೂರಾಳೆತ್ತರದ ಆ ಕಟ್ಟೆಯನ್ನು ನೆಗೆತದ ಪರೀಕ್ಷೆ ಪಾಸಾಗದವರು ಹತ್ತಬಾರದು. ಹದಿನಾಲ್ಕು, ಹದಿನೈದರವರು ಕೇಳಬೇಕಲ್ಲ! ಹತ್ತಿದ ಮೇಲೆ ಕೆಳಗೆ ನೋಡಿ ಹಿಂದೆ ಸರಿಯುತ್ತಾರೆ. ಕೆಳಗಿನಿಂದ ಗೆಳೆಯರು 'ಹಾರೋ ಪುಕ್ಕಲ' ಅನ್ನುತ್ತಾರೆ. ಆಗ ಅಕ್ಕ ಮೇಲಿನವನನ್ನು ಗದರುವುದಿಲ್ಲ, ಕೆಳಗಿನವರನ್ನು ಕರೆಯುತ್ತಾರೆ: "ಏಯ್, ಆ ಈಜು ಕಲಿಯೋ ಹಲಗೆಗಳನ್ನ ಒಳಗಿಟ್ಟು ಬನ್ರೋ!" ನೋಡುವವರು ಹೋದರೆ ಮೇಲಿನವನು ಮೂಗು ಉಜ್ಜಿಕೊಳ್ಳುತ್ತಾ ಇಳಿದುಬಿಡುತ್ತಾನೆ.

"ಒಬ್ಬನೇ ಇದ್ರೆ ನನಗಿಂತ ಜಾಣ. ಇಬ್ಬರು ಗೆಳೆಯರು ನೋಡ್ತಿದ್ರೆ ಮುಗೀತು, ಬುದ್ಧಿ ಬಟ್ಟೆ ಬದಲಿಸೋ ಕೋಣೇಲೇ ಉಳಿದುಬಿಡುತ್ತೆ," ಎನ್ನುತ್ತಾರೆ ಅಕ್ಕ.

ಕಸ ಗುಡಿಸಲು ಬಂದು, ಆಮೇಲೆ ಈಜು ಕಲಿತು ಈ ಕೆಲಸಕ್ಕೆ ಏರಿದವರು ಆಕೆ. ಔಷಧಿ ನೀರಿಗೆ ಕಣ್ಣು ಸದಾ ಕೆಂಪು, ಹಿಮ್ಮಡಿ ಸದಾ ಬಿರುಕು. ದಿನವೂ ಈಜಲು ಬರುವ ಮನಶ್ಶಾಸ್ತ್ರದ ಮೇಷ್ಟ್ರು ಒಮ್ಮೆ ವಿವರಿಸಿದ್ದರಂತೆ: ಈ ವಯಸ್ಸಿನಲ್ಲಿ ರೋಮಾಂಚನ ಬೇಡುವ ಮಿದುಳಿನ ಭಾಗ ಬೇಗ ಚುರುಕಾಗುತ್ತದೆ, ಅಳೆದು ತೂಗಿ ತಡೆಯುವ ಭಾಗ ಮಾಗಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು, ಜೊತೆಯವರು ನೋಡುತ್ತಿದ್ದರೆ ಮೊದಲಿನದರ ಜೋರು ಇನ್ನಷ್ಟು ಹೆಚ್ಚು.

"ಕೇಳಿ ಸಮಾಧಾನಾನೂ ಆಯ್ತು, ಭಯಾನೂ ಆಯ್ತು. ಮನೇಲೂ ಒಬ್ಬಳು ಇದಾಳಲ್ಲ."

ಆ ಒಬ್ಬಳು, ಹದಿನೈದರ ಮಗಳು, ಇಂದು ಇಬ್ಬರು ಗೆಳತಿಯರೊಂದಿಗೆ ಬಂದಿದ್ದಾಳೆ. ಈಜು ಬರುತ್ತದೆ, ನೆಗೆತದ ಪರೀಕ್ಷೆ ಆಗಿಲ್ಲ. ಅಕ್ಕ ಆ ತುದಿಗೆ ಹೋಗಿ ತಿರುಗುವಷ್ಟರಲ್ಲಿ ಮಗಳು ಕಟ್ಟೆಯ ಮೇಲೆ! ಕೆಳಗೆ ಗೆಳತಿಯರ ಕೈಯಲ್ಲಿ ಫೋನು. "ಹಾರೇ, ರೆಕಾರ್ಡ್ ಆಗ್ತಿದೆ!" ಈಜು ಕಲಿಯುವ ಮಗುವೊಂದು ಆಳವನ್ನು ಬೇರ್ಪಡಿಸುವ ಹಗ್ಗ ದಾಟಿ ಕಟ್ಟೆಯ ಅಡಿಗೇ ತೇಲಿ ಬರುತ್ತಿದೆ.

ಅಕ್ಕ ತಮ್ಮ ರೂಢಿ ಮರೆತು ಸೀಟಿ ಊದಿಯೇಬಿಡುತ್ತಾರೆ.

ಇಡೀ ಕೊಳ ತಲೆಯೆತ್ತುತ್ತದೆ. ಇಬ್ಬರ ಕಣ್ಣಿದ್ದ ಕಡೆ ಈಗ ಊರಿಗೂರೇ ನೋಡುತ್ತಿದೆ. ಮಗಳ ಹೆಗಲು ಸೆಟೆಯುತ್ತದೆ, ಕಾಲ್ಬೆರಳುಗಳು ಅಂಚು ದಾಟುತ್ತವೆ.

"ಎಲ್ಲರೂ ನೀರಿಂದ ಮೇಲೆ ಬನ್ನಿ! ಗೋಡೆ ಕಡೆ ತಿರುಗಿ!"

"ಯಾಕಕ್ಕಾ?"

"ತಿರುಗಿ ಅಂದ್ರೆ ತಿರುಗ್ರೀ! ಫೋನ್ ಒಳಗಿಡೇ!"

ಮೇಷ್ಟ್ರೂ ನೀರು ಸುರಿಸುತ್ತಾ ಗೋಡೆಗೆ ಮುಖ ಮಾಡುತ್ತಾರೆ. ಅಕ್ಕ ಮಗುವನ್ನು ರಟ್ಟೆ ಹಿಡಿದು ದಡಕ್ಕೆಳೆದು, ನೀರನ್ನೇ ದಿಟ್ಟಿಸಿ ನಿಲ್ಲುತ್ತಾರೆ. ಕತ್ತೆತ್ತುವುದಿಲ್ಲ. "ಎತ್ತಿದ್ರೆ ನಾನೂ ನೋಡೋರ ಸಾಲಿಗೇ ಸೇರ್ತಿದ್ದೆ," ಎಂದು ಆಮೇಲೆ ಹೇಳುತ್ತಾರೆ.

ಕೊನೆಗೆ ಕಟ್ಟೆಯ ಕಬ್ಬಿಣದ ಏಣಿ ಕಿರುಗುಟ್ಟುತ್ತದೆ. ಒಂದು ಮೆಟ್ಟಿಲು. ಇನ್ನೊಂದು.

"ಮರ್ಯಾದೆ ತೆಗೆದೆ ಕಣಮ್ಮ."

"ಹೂಂ, ತೆಗೆದೆ. ಸೀಟಿ ಊದಬಾರದಿತ್ತು."

ಮಗಳು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಬಡಿದು ಮುಚ್ಚಿಕೊಳ್ಳುತ್ತಾಳೆ. ತಾಯಿ ಬಾಗಿಲ ತನಕ ಹೋಗಿ, ಕೊಳ ಬಿಡಲಾಗದೆ ಹಿಂದಿರುಗುತ್ತಾರೆ. ಮತ್ತೆ ಹೋಗುತ್ತಾರೆ, ಮತ್ತೆ ಬರುತ್ತಾರೆ.

ಗದ್ದಲ ಕೇಳಿ ಬಂದ ವ್ಯವಸ್ಥಾಪಕರಿಗೆ ಆಕೆಯದು ಒಂದೇ ಬೇಡಿಕೆ: ಕಟ್ಟೆಯ ಹಿಂದೆ, ಯಾರಿಗೂ ಕಾಣದ ಕಡೆ, ಇಳಿಯಲು ಇನ್ನೊಂದು ಏಣಿ.

"ಹತ್ತೋಕೊಂದು, ಇಳಿಯೋಕೊಂದಾ? ಇದೇನು ವಿಮಾನ ನಿಲ್ದಾಣವೇನಮ್ಮ?"

"ಇರೋದು ಎಲ್ಲರ ಕಣ್ಣೆದುರಿಗಿದೆ ಸಾರ್. ಅದ್ರಲ್ಲಿ ಇಳಿಯೋದು ಹಾರೋದಕ್ಕಿಂತ ಕಷ್ಟ." ಆಕೆ ಮುಚ್ಚಿದ ಬಾಗಿಲ ಕಡೆ ನೋಡಿ, ದನಿ ತಗ್ಗಿಸುತ್ತಾರೆ. "ನನ್ನ ಮಗಳು ಅದ್ರಲ್ಲೇ ಇಳಿದು ಬಂದ್ಲು."