ಹನ್ನೆರಡನೇ ಸಂಚಿಕೆಯ ಚೀಟಿ

ಗುಂಪಿನವರು ಅವರನ್ನು ಚೀಟಿ ಸಾರ್ ಎಂದು ಕರೆಯುತ್ತಿದ್ದರು. ಹೆಂಡತಿಯ ಎದುರಿಗೇ ಕರೆಯುತ್ತಿದ್ದರು. ಅವರಿಗೆ ಬೇಜಾರಿರಲಿಲ್ಲ, ಆಕೆಗಿತ್ತು.

ಮೂವತ್ತು ವರ್ಷ ಒಂದೇ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಮನುಷ್ಯ. ಬೇರೆಯವರ ತಪ್ಪು ಹುಡುಕುವುದೇ ಕಸುಬು. ಮನೆಗೆ ಬಂದರೂ ಕಸುಬು ಬಿಡುತ್ತಿರಲಿಲ್ಲ. ಹೆಂಡತಿ ಬರೆದುಕೊಟ್ಟ ಸಾಮಾನಿನ ಪಟ್ಟಿಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿಯೇ ಅಂಗಡಿಗೆ ಹೊರಡುತ್ತಿದ್ದರು. ಆಕೆ ಓದಿದ್ದು ನಾಲ್ಕನೇ ಕ್ಲಾಸು. ಹಾಗಾಗಿ ಪಟ್ಟಿ ಯಾವಾಗಲೂ ಕೆಂಪಗೆ ಇರುತ್ತಿತ್ತು.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುತ್ತಾರೆ ಎಂದುಕೊಂಡಿದ್ದಳು. ಕೂತರು, ಕಂಪ್ಯೂಟರಿನ ಮುಂದೆ. ಸ್ವತಂತ್ರ ತಂತ್ರಾಂಶ ಮಾಡುವವರ ಗುಂಪೊಂದು ಅವರಿಗೆ ಗಂಟುಬಿದ್ದಿತ್ತು. ಆ ತಂತ್ರಾಂಶವನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಂತೆ, ತಿದ್ದಬಹುದಂತೆ, ಹಂಚಬಹುದಂತೆ. “ತಪ್ಪನ್ನ ಎಲ್ಲರ ಮುಂದೆ ಇಟ್ಟು ತಿದ್ದುತ್ತಾರೆ ಕಣೇ,” ಎಂದು ಮದುವೆ ಗೊತ್ತಾದವರ ಹಾಗೆ ಮುಖ ಅರಳಿಸಿ ಹೇಳಿದರು.

ಗುಂಪಿನಲ್ಲಿ ಇಪ್ಪತ್ತು ಜನ, ಅಭಿಪ್ರಾಯ ನಲವತ್ತು. ಹೇಗೋ ಸೇರಿ, ಇವರನ್ನೇ ಸಂಪಾದಕರನ್ನಾಗಿ ಮಾಡಿ, ಮೂರು ತಿಂಗಳಿಗೊಮ್ಮೆ ಕಾಗದದ ಮೇಲೆ ಪತ್ರಿಕೆ ತರುವುದೆಂದು ತೀರ್ಮಾನಿಸಿದರು. ಕಂಪ್ಯೂಟರ್ ಇಲ್ಲದವರಿಗೂ ವಿಷಯ ತಲುಪಲಿ ಎಂದು. ಕಂಪ್ಯೂಟರ್ ಇಲ್ಲದವರು ಕಂಪ್ಯೂಟರಿನ ವಿಷಯ ಓದಿ ಏನು ಮಾಡಬೇಕು ಎಂದು ಆಕೆ ಕೇಳಿದ್ದಳು. ಅವರು ಇನ್ನೊಂದು ಲೋಟ ಕಾಫಿ ಕೇಳಿದರು.

ಪತ್ರಿಕೆ ಬರುವುದು ಮೂರು ತಿಂಗಳಿಗೊಮ್ಮೆ, ತಂತ್ರಾಂಶ ಬದಲಾಗುವುದು ಹದಿನೈದು ದಿನಕ್ಕೊಮ್ಮೆ. ಪರದೆಯ ಎಡಗಡೆಯ ಗುಂಡಿ ಒತ್ತಿ ಎಂದು ಅಚ್ಚಾಗುವ ಹೊತ್ತಿಗೆ ಗುಂಡಿ ಬಲಕ್ಕೆ ಹೋಗಿರುತ್ತಿತ್ತು. ಶಾಯಿ ಒಣಗಿ, ಹಾಳೆ ಮಡಿಸಿ, ಪಿನ್ನು ಹೊಡೆಯುವಷ್ಟರಲ್ಲಿ ಗುಂಡಿಯೇ ಇರುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈ ಚೆಲ್ಲುತ್ತಿದ್ದರು. ಇವರು ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ, ಊಟದ ಮೇಜಿನ ಮೇಲೆ ಮುನ್ನೂರು ಪ್ರತಿ ಹರಡಿಕೊಂಡು, ತಪ್ಪಿನ ಸಾಲಿನ ಮೇಲೆ ಒಂದೊಂದಾಗಿ ಅಂಟಿಸುತ್ತಿದ್ದರು. ಹಿಟ್ಟು ಕುದಿಸಿ ಅಂಟು ಮಾಡಿಕೊಡುವ ಭಾಗ್ಯ ಹೆಂಡತಿಯದು. ಏಳನೇ ಸಂಚಿಕೆಯಲ್ಲಿ ಚೀಟಿಯೇ ಹಳೆಯದಾಗಿ, ಚೀಟಿಗೊಂದು ಚೀಟಿ ಬಂತು. ನಾಲ್ಕನೇ ಪುಟ ರಟ್ಟಿನಷ್ಟು ದಪ್ಪವಾಯಿತು.

“ಕಂಪ್ಯೂಟರಲ್ಲೇ ಓದ್ಕೊಳ್ಳಲಿ ಬಿಡ್ರೀ, ನಿಮಗ್ಯಾಕೆ ಈ ಗ್ರಹಚಾರ,” ಎಂದಳು.

“ಅಲ್ಲಿ ತಿದ್ದಿದ್ರೆ ಹಳೇದು ಕಣ್ಣಿಗೆ ಬೀಳಲ್ಲ ಕಣೇ. ಇಲ್ಲಿ ಚೀಟಿ ಎತ್ತಿ ನೋಡಬಹುದು.”

ಹಳೆಯದೆಲ್ಲ ಅಲ್ಲೂ ಜೋಪಾನವಾಗಿರುತ್ತದೆ ಎಂದು ಗುಂಪಿನವರು ಎಷ್ಟು ಹೇಳಿದರೂ ಇವರು ಒಪ್ಪಲಿಲ್ಲ. ಅದಕ್ಕೇ ಚೀಟಿಯ ಮೇಲಂಚಿಗೆ ಮಾತ್ರ ಅಂಟು ಹಚ್ಚುತ್ತಿದ್ದರು.

ಹನ್ನೆರಡನೇ ಸಂಚಿಕೆಯ ಕೊನೆಯ ಕರಡು ತಿದ್ದಿ ಮುಗಿಸಿದ್ದರು. ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ತಿಂಗಳು ಕಳೆದ ಮೇಲೆ ಗುಂಪಿನ ಆರು ಜನ ಬಂದರು. ಐದು ನಿಮಿಷ ದುಃಖಪಟ್ಟರು, ಆಮೇಲೆ ಮೀಟಿಂಗ್ ಶುರುವಾಯಿತು. ಈ ಗುಂಪಿಗೆ ನಾಯಕರಿಲ್ಲವಂತೆ. ಇಲ್ಲದ ನಾಯಕರ ಕುರ್ಚಿಯಲ್ಲಿ ಗಡ್ಡದವರೊಬ್ಬರು ಕೂರುತ್ತಿದ್ದರು. ಹನ್ನೆರಡನೇ ಸಂಚಿಕೆ ಅಚ್ಚು ಹಾಕುವುದಿಲ್ಲ, ಪತ್ರಿಕೆ ನಿಲ್ಲಿಸಿ ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕುತ್ತೇವೆ, ಸಾರ್ ಹೆಸರನ್ನೂ ಹಾಕುತ್ತೇವೆ ಎಂದರು. ಎಲ್ಲಿ ಎಂದು ಆಕೆ ಕೇಳಿದಳು. ಪುಟದ ಕೆಳಗಡೆ ಎಂದರು.

“ಬೇಸರ ಮಾಡ್ಕೋಬೇಡಿ ಅಮ್ಮಾ. ಅದರಲ್ಲಿರೋದೆಲ್ಲ ಹಳೇದಾಗಿಹೋಗಿದೆ.”

ಮೂರು ವರ್ಷ ತಾನೇ ಗಂಡನಿಗೆ ಆಡಿದ ಮಾತು. ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. ಗಂಡನ ಕೈ ತಾಗಿದ ಕೊನೆಯ ಕೆಲಸ ಅದು. ಹಳೆಯದೋ ಹೊಸದೋ, ಮುನ್ನೂರು ಮನೆ ಮುಟ್ಟಬೇಕು. ಆಕೆಗೆ ಬೇಕಾದದ್ದು ಅಷ್ಟೇ.

ಒಳಗೆ ಹೋಗಿ ಹನ್ನೊಂದನೇ ಸಂಚಿಕೆ ತಂದಳು. ಹಿಂಬದಿಯ ರಟ್ಟಿನ ಮೇಲಿದ್ದುದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಈ ಪತ್ರಿಕೆಯನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ತಿದ್ದಬಹುದು, ಹಂಚಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಅದನ್ನು ದಪ್ಪಕ್ಷರದಲ್ಲಿ ಹಾಕಬೇಕೋ ಸಣ್ಣಕ್ಷರದಲ್ಲೋ ಎಂದು ಈ ಗುಂಪಿನವರೇ ಎರಡು ಮೀಟಿಂಗ್ ಜಗಳವಾಡಿದ್ದರು.

“ಯಾರು ಬೇಕಾದರೂ ಅಂದ್ರೆ, ಅದರಲ್ಲಿ ನಾನೂ ಬರ್ತೀನಾ?”

ಆರು ಜನ ಮುಖ ಮುಖ ನೋಡಿಕೊಂಡರು.

“ಬರ್ತೀರಿ,” ಎಂದರು ಗಡ್ಡದವರು. ಉಳಿದವರು ತಲೆಯಾಡಿಸಿದರು. ಮೂರು ವರ್ಷದಲ್ಲಿ ಗುಂಪು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಗಂಡ ದುಡಿದ ಪ್ರೆಸ್ಸಿಗೇ ಹೋದಳು. ಅದಕ್ಕೂ ಮೊದಲು ಹನ್ನೊಂದು ದಿನ ಕೂತು, ಸಾಲಿನ ಕೆಳಗೆ ಬೆರಳಿಟ್ಟು ಇಡೀ ಕರಡು ಓದಿದ್ದಳು. ಯಾವ ಗುಂಡಿ ಎಲ್ಲಿದೆ ಎಂದು ದೇವರಾಣೆ ತಿಳಿಯಲಿಲ್ಲ. ಕೊನೆಯ ಪುಟದ ಕೊನೆಯ ಸಾಲು ಮಾತ್ರ ತಿಳಿಯಿತು. ಸಂದೇಹವಿದ್ದವರು ಮನೆಗೆ ಬನ್ನಿ, ಸಂಪಾದಕರು ಸಂಜೆ ಆರರ ನಂತರ ಸಿಗುತ್ತಾರೆ.

ಒಂದು ನಿಮಿಷದ ಕೆಲಸ, ಆ ಸಾಲು ತೆಗೆದುಬಿಡೋಣ ಎಂದರು ಮಾಲೀಕರು.

“ಬೇಡ. ಅವರು ಬಿಟ್ಟಿದ್ದು ಹಾಗೇ ಇರಲಿ. ಚೀಟಿ ಹಾಕ್ತೀನಿ.”

ಒಂದು ಕಾಗದದ ಮೇಲೆ ಬರೆದುಕೊಟ್ಟಳು. ಸಂಪಾದಕರು ಸಿಗುವುದಿಲ್ಲ. ಎರಡೇ ಪದ. ಕೊಟ್ಟ ಮೇಲೂ, ಯಾರಾದರೂ ಕೆಂಪು ಪೆನ್ನು ತೆಗೆಯುತ್ತಾರೇನೋ ಎನ್ನುವ ಹಾಗೆ ಸ್ವಲ್ಪ ಹೊತ್ತು ನಿಂತಿದ್ದಳು.

ಭಾನುವಾರ ಮುನ್ನೂರು ಪ್ರತಿ ಮೇಜಿಗೆ ಬಂದವು. ಗಡ್ಡದವರೂ ಬಂದರು, ಕರೆಯದೆ. ಅಂಟಿನ ಬಟ್ಟಲು ಎಳೆದುಕೊಂಡು, ಚೀಟಿಯ ನಾಲ್ಕೂ ಅಂಚಿಗೆ ಬಳಿದು, ಇನ್ನು ಜನ್ಮದಲ್ಲಿ ಏಳದ ಹಾಗೆ ಒತ್ತಿದರು. ಆಕೆ ಅದನ್ನು ಹಸಿಯಿರುವಾಗಲೇ ಕಿತ್ತಳು.

“ಮೇಲಿನ ಅಂಚಿಗೆ ಮಾತ್ರ. ಎತ್ತಿ ನೋಡೋ ಹಾಗಿರಬೇಕು.”

ಆಕೆ ಅಂಟಿಸಿದ್ದ ಒಂದು ಚೀಟಿಯನ್ನು ಅವರು ಎತ್ತಿ ನೋಡಿದರು. ಅಡಿಯಲ್ಲಿದ್ದ ಸಾಲು ಓದಿ ಮೆಲ್ಲಗೆ ಇಳಿಸಿದರು. ಮುಂದಿನ ಚೀಟಿಗೆ ಮೇಲಂಚಿಗಷ್ಟೇ ಅಂಟು ಹಚ್ಚಿದರು.