ಮಡುವಿನಲ್ಲಿ ಒಂದು ಹಗಲು

೧೯೬೧ರಲ್ಲಿ ನಾನು ಅರಕಲಗೂಡು ತಾಲ್ಲೂಕಿನ ಕೊಣನೂರಿನಲ್ಲಿ ಕುಷ್ಠರೋಗ ನಿಯಂತ್ರಣದ ಪ್ಯಾರಾಮೆಡಿಕಲ್ ವರ್ಕರ್ ಆಗಿದ್ದೆ. ಹೆಸರು ದೊಡ್ಡದು, ಸಂಬಳ ಸಣ್ಣದು. ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಜನರ ಮೈಮೇಲೆ ಮಾಸಲು ಮಚ್ಚೆ ಇದೆಯೇ ಎಂದು ನೋಡುವುದು, ರೋಗ ಇದ್ದವರಿಗೆ ಡ್ಯಾಪ್ಸೋನ್ ಮಾತ್ರೆ ಕೊಡುವುದು, ಅವರು ಅದನ್ನು ನುಂಗಿದರೇ ಅಥವಾ ಬೇಲಿಗೆ ಎಸೆದರೇ ಎಂದು ವಿಚಾರಿಸುವುದು, ಇಷ್ಟು ನನ್ನ ಕೆಲಸ. ಹಳ್ಳಿಯವರು ನನ್ನನ್ನು ‘ಮಚ್ಚೆ ಡಾಕ್ಟ್ರು’ ಎನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸಾಕಾಗಿ ಸುಮ್ಮನಾದೆ. ನನ್ನ ಅತ್ತೆ ಮಾತ್ರ ಯಾವ ಬಿರುದನ್ನೂ ಕೊಡಲಿಲ್ಲ. ಸಂಜೆ ಮನೆಗೆ ಬಂದರೆ ಹಿತ್ತಿಲಲ್ಲಿ ಇಟ್ಟ ಹಂಡೆಯ ಕಡೆ ಕೈ ತೋರಿಸುತ್ತಿದ್ದರು. ಮಿಂದು ಬಟ್ಟೆ ಬದಲಿಸದೆ ಅಳಿಯದೇವರು ಹೊಸಿಲು ದಾಟುವಂತಿರಲಿಲ್ಲ.

ನಮ್ಮ ಪರೀಕ್ಷೆಯ ಬಗ್ಗೆ ಒಂದು ಮಾತು ಹೇಳಬೇಕು. ಈ ರೋಗ ಮೊದಲು ಹಿಡಿಯುವುದು ನರವನ್ನು. ನರ ಕೆಟ್ಟ ಜಾಗದಲ್ಲಿ ಮುಟ್ಟಿದ್ದು ಗೊತ್ತಾಗುವುದಿಲ್ಲ, ಸುಟ್ಟಿದ್ದು ಗೊತ್ತಾಗುವುದಿಲ್ಲ, ಕೊಯ್ದಿದ್ದೂ ಗೊತ್ತಾಗುವುದಿಲ್ಲ. ಅದನ್ನು ಕಂಡುಹಿಡಿಯಲು ನಾವು ಬಳಸುತ್ತಿದ್ದದ್ದು ಹತ್ತಿಯ ಒಂದು ಎಳೆ. ರೋಗಿ ಕಣ್ಣು ಮುಚ್ಚಿಕೊಳ್ಳಬೇಕು. ನಾವು ಎಳೆಯನ್ನು ಚರ್ಮಕ್ಕೆ ತಾಕಿಸಿದಾಗ, ತಾಕಿದ್ದೆಲ್ಲಿ ಎಂದು ಬೆರಳಿಟ್ಟು ತೋರಿಸಬೇಕು. ತೋರಿಸದಿದ್ದರೆ ಆ ಜಾಗವನ್ನು ಮೈಯ ನಕ್ಷೆಯಲ್ಲಿ ಪೆನ್ಸಿಲಿನಿಂದ ಕಪ್ಪು ಮಾಡುತ್ತಿದ್ದೆವು. ಮಾತ್ರೆಯಿಂದ ರೋಗ ನಿಲ್ಲುತ್ತಿತ್ತು. ಕಿವಿಯ ಹಾಲೆಯಲ್ಲಿ ಸಣ್ಣ ಗೀರು ಹಾಕಿ ತೆಗೆದ ಸ್ಮಿಯರ್ ಹಾಸನದ ಲ್ಯಾಬಿನಿಂದ ‘ನೆಗೆಟಿವ್’ ಎಂದು ಬಂದರೆ ಆತನಿಂದ ಯಾರಿಗೂ ಅಂಟುವ ಭಯವಿಲ್ಲ ಎಂದರ್ಥ. ಆದರೆ ಹೋದ ಸ್ಪರ್ಶ ಬಹಳ ಮಟ್ಟಿಗೆ ಹೋದದ್ದೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಸಂಕಟವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ನೆಗೆಟಿವ್ ಆದವರನ್ನು ಮನೆಗೆ ಸೇರಿಸಿ ಎಂದು ಬಾಗಿಲು ಬಾಗಿಲು ತಟ್ಟಿ, ಮುಖಕ್ಕೆ ಬಾಗಿಲು ಹಾಕಿಸಿಕೊಂಡು ಬರುತ್ತಿದ್ದೆ. ಮೂರನೆಯ ವರ್ಷದ ಹೊತ್ತಿಗೆ ಸಂಕಟವೂ ಇಲ್ಲ, ಸಿಟ್ಟೂ ಇಲ್ಲ. ಬಾಗಿಲು ಹಾಕಿದರೆ ಸೈಕಲ್ ತಿರುಗಿಸಿ ಮುಂದಿನ ಊರಿಗೆ ಹೋಗುತ್ತಿದ್ದೆ. ಊಟ ರುಚಿಸುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಅದನ್ನು ಅನುಭವ ಎಂದುಕೊಂಡಿದ್ದೆ.

ನಮ್ಮ ಕೇಂದ್ರದ ಹಿಂದೆ ಒಂದು ತಗಡಿನ ಶೆಡ್ಡಿತ್ತು. ಮನೆಯವರು ಸೇರಿಸದ ನಾಲ್ವರು ಅಲ್ಲಿದ್ದರು. ಒಬ್ಬರು ತಿಮ್ಮೇಗೌಡರು, ಒಂದು ಕಾಲಕ್ಕೆ ಆಳು ಕಾಳು ಕಂಡಿದ್ದ ಜಮೀನುದಾರರು. ಇಬ್ಬರು ಅಕ್ಕತಂಗಿಯರು ಹೊಳೆನರಸೀಪುರದ ಕಡೆಯವರು. ನಾಲ್ಕನೆಯಾಕೆ ಕೆಂಪಮ್ಮ, ಹೊಳೆಯ ಮೇಲ್ಗಡೆಯ ಒಂದು ಕೊಪ್ಪಲಿನ ಸೊಸೆ. ಮಗಳು ನಾಲ್ಕು ವರ್ಷದವಳಿದ್ದಾಗ ಆಕೆಯನ್ನು ಊರು ಬಿಡಿಸಿದ್ದರು. ಈಗ ಆ ಮಗುವಿಗೆ ಹತ್ತಾಗಿತ್ತು. ಗಂಡ ಬೇರೆ ಮದುವೆಯಾಗಿದ್ದ.

ಕೆಂಪಮ್ಮ ಹತ್ತಿಯ ಪರೀಕ್ಷೆಯಲ್ಲಿ ಕಳ್ಳಾಟ ಆಡುತ್ತಿದ್ದಳು. ನನ್ನ ಅಂಗಿಯ ತೋಳಿನ ಸದ್ದು ಕೇಳಿ, ರೆಪ್ಪೆಯ ಸಂದಿಯಿಂದ ನೋಡಿ, ತಾಕಿದ ಜಾಗವನ್ನು ಊಹಿಸಿ ಬೆರಳಿಟ್ಟು ತೋರಿಸುತ್ತಿದ್ದಳು. ಪರೀಕ್ಷೆ ಮುಗಿದ ಮೇಲೆ ಕೇಳುವುದು ಒಂದೇ ಮಾತು: “ಇವತ್ತು ಸರಿಯಾಗ್ ಏಳ್ದೆನಾ ಸಾ?” ಸ್ಮಿಯರ್ ಆಗಲೇ ನೆಗೆಟಿವ್ ಆಗಿತ್ತು. ಆದರೂ ಕೈಗೆ ಸ್ಪರ್ಶ ಬಂದರೆ ಮನೆಗೆ ಕಳಿಸುತ್ತಾರೆ ಎಂದು ಆಕೆ ನಂಬಿದ್ದಳು. ಎರಡೂ ಕೈ ಮೊಣಕೈವರೆಗೂ ಮರಗಟ್ಟಿದ್ದವು. ನಾನು ನಕ್ಷೆಯಲ್ಲಿ ಅಷ್ಟನ್ನೂ ಕಪ್ಪು ಮಾಡಿ ಮುಂದಿನವರನ್ನು ಕರೆಯುತ್ತಿದ್ದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಕೊಣನೂರಿನ ಸಂತೆಯಲ್ಲಿ ಒಬ್ಬ ಮುದುಕಿ ನನ್ನ ಸೈಕಲ್ಲನ್ನು ಅಡ್ಡಗಟ್ಟಿದರು. ಕೆಂಪಮ್ಮನ ಅತ್ತೆ. ಹಿಂದೆ ನನ್ನ ಮುಖಕ್ಕೆ ಬಾಗಿಲು ಹಾಕಿದವರಲ್ಲಿ ಅವರೂ ಒಬ್ಬರು.

“ಹೆಣ್ಮಗ ಅವ್ವನ್ನ ನೋಡ್ಬೇಕು ಅಂತ ಒಂದೇ ಸಮ್ಕೆ ಕುಂತದೆ ಸಾ,” ಎಂದರು. “ಊರೊಳಕ್ಕೆ ಕಾಲಿಡ್ಬಾರ್ದು ಅಂತ ಪಂಚಾಯ್ತೀಲಿ ಏಳವ್ರೆ. ಹೊಳೆಯೊಳಕ್ಕೆ ಬರ್ಬಾರ್ದು ಅಂತ ಯಾರೂ ಏಳಿಲ್ಲ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಊರಿನ ಎಲ್ಲೆ ನೀರಿನ ಅಂಚಿಗೆ ಮುಗಿಯುತ್ತದೆ. ಹರಿಗೋಲಿನಲ್ಲಿ ಬಂದು ದಡದ ಹತ್ತಿರ ನಿಂತರೆ ಕೆಂಪಮ್ಮ ಊರಿಗೆ ಬಂದ ಹಾಗಾಗುವುದಿಲ್ಲ. ತಾನು ಬಟ್ಟೆ ಒಗೆಯುವ ನೆಪದಲ್ಲಿ ಮೊಮ್ಮಗಳನ್ನು ಕರೆತರುತ್ತೇನೆ. ಆಕೆ ದಡಕ್ಕೆ ಇಳಿಯಬಾರದು, ಅಷ್ಟೆ. ಊರಿನ ಮಾತು ಮುರಿಯದೆ ಊರಿನ ಮಾತನ್ನು ದಾಟುವುದು ಹೇಗೆಂದು ಆ ಮುದುಕಿ ಎಷ್ಟು ದಿನ ಯೋಚಿಸಿದ್ದರೋ ಗೊತ್ತಿಲ್ಲ. ಯಾವ ವಕೀಲನಿಗೂ ಹೊಳೆಯದ ದಾರಿ ಅದು.

ಒಬ್ಬಳನ್ನೇ ಕರೆದೊಯ್ದರೆ ಸುದ್ದಿಯಾಗುತ್ತದೆ ಎಂದು ನಾಲ್ವರನ್ನೂ ಕರೆದೊಯ್ಯುವುದೆಂದಾಯಿತು. ಹಾಸನದಿಂದ ಬರುತ್ತಿದ್ದ ನಮ್ಮ ಡಾಕ್ಟರು ಕೇಳಿ, “ರಿಜಿಸ್ಟರಿನಲ್ಲಿ ಪಿಕ್ನಿಕ್ ಅಂತ ಬರೀರಿ. ಬೇರೆ ಕಾರಣ ಬರೀಬೇಡಿ,” ಎಂದರು. ಬಸ್ಸಿನಲ್ಲಿ ನಮ್ಮ ರೋಗಿಗಳನ್ನು ಹತ್ತಿಸುತ್ತಿರಲಿಲ್ಲವಾದ್ದರಿಂದ ಪಿಕ್ನಿಕ್ ಎಂದರೆ ಹೊಳೆಯೇ ಗತಿಯಾಗಿತ್ತು.

ಇನ್ನು ಅಂಬಿಗನನ್ನು ಒಪ್ಪಿಸಬೇಕಿತ್ತು. ಅಂಬಿಗ ಸಿದ್ದಯ್ಯ ತಲೆ ಕೆರೆದುಕೊಂಡ. “ಸಂತೆ ದಿನ ಬ್ಯಾಡಿ ಸಾ, ನಾಕ್ ಜನ ಕಂಡ್ರೆ ಆಮ್ಯಾಕೆ ನನ್ ಹರ್ಗೋಲ್ಗೆ ಯಾರ್ ಅತ್ತಾರೆ?” ಎಂದ. ಆಮೇಲೆ ಹರಿಗೋಲಿನ ತಳ ತಟ್ಟಿ, “ಈ ತೊಗ್ಲು ಅಳೇದಾಗದೆ. ಎಂಗೂ ಬಿಚ್ಚಾಕಿ ಒಸಾದು ಒದಿಸ್ಬೇಕು. ಬಿಚ್ಚೋಕ್ ಮುಂಚೆ ಕರ್ಕಂಡ್ ಓಯ್ತೀನಿ,” ಎಂದ. ಅಂದರೆ ನಮ್ಮವರು ಕೂತೆದ್ದ ಮೇಲೆ ಹರಿಗೋಲಿನ ತಳದ ಚರ್ಮವನ್ನು ಎಸೆದುಬಿಡುವ ಲೆಕ್ಕ. ನನಗೆ ಏನೂ ಅನ್ನಿಸಲಿಲ್ಲ. ಆಗಲಿ ಎಂದೆ.

ಹೊರಟ ದಿನ ಬೆಳಗ್ಗೆ ಹೊಳೆಯ ಮೇಲೆ ಮಂಜು ಇನ್ನೂ ಬಿಟ್ಟಿರಲಿಲ್ಲ. ಹೊಳೆಗೆ ಅಡ್ಡ ಕಟ್ಟಿದ ಕಟ್ಟೆಯ ಮೇಲ್ಭಾಗದಲ್ಲಿ ಕಾವೇರಿ ಅಗಲವಾಗಿ ಹರಡಿ, ಒಂದು ಕಡೆ ದಡದೊಳಕ್ಕೆ ಸರಿದು ಮಡುವಾಗುತ್ತದೆ. ಅಲ್ಲಿ ಹರಿವು ಇದೆಯೋ ಇಲ್ಲವೋ ಎನ್ನುವಷ್ಟು ನಿಧಾನ. ಸಿದ್ದಯ್ಯ ನಮ್ಮನ್ನು ಭಾರ ನೋಡಿ ಸುತ್ತ ಕೂರಿಸಿದ. ಗೌಡರು ಒಂದು ಪಕ್ಕ, ಅವರಿಗೆ ಎದುರಾಗಿ ಅಕ್ಕತಂಗಿಯರು, ನಾನೂ ಕೆಂಪಮ್ಮನೂ ಎದುರುಬದುರು. ಕೆಂಪಮ್ಮ ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಎರಡೂ ಕೈಯಿಂದ ಹರಿಗೋಲಿನ ಬಿದಿರಿನ ಅಂಚನ್ನು ಹಿಡಿದು ಕೂತಿದ್ದಳು.

ಗೌಡರು ಅಂಗಿಯ ತೋಳು ಮಡಚಿ ಮೊಣಕೈಯನ್ನು ನೀರಿಗೆ ಅದ್ದಿ, “ತಣ್ಗದೆ,” ಎಂದರು. ಸ್ನಾನದ ನೀರಿನ ಕಾವನ್ನು ಬೆರಳಿನಿಂದ ನೋಡಬೇಡಿ, ಮೊಣಕೈಯಿಂದ ನೋಡಿ ಎಂದು ನಾವೇ ಹೇಳಿಕೊಟ್ಟಿದ್ದೆವು. ಮರಗಟ್ಟಿದ ಕೈ ಬೆಂದರೂ ತಿಳಿಯುವುದಿಲ್ಲವಲ್ಲ. ಗೌಡರಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಹೊಳೆಯನ್ನೂ ಹಾಗೆಯೇ ನೋಡಿದರು. ಅಕ್ಕತಂಗಿಯರು ಬಾಯಿಗೆ ಸೆರಗು ಹಿಡಿದು ನಕ್ಕರು.

ಬಿಸಿಲು ಬಂದ ಮೇಲೆ ಎರಡೂ ದಡ ಕಂಡವು. ಒಂದು ಕಡೆ ಹೊಂಗೆ, ಮತ್ತಿ ಮರಗಳು ನೀರಿನ ಮೇಲೆ ಬಾಗಿದ್ದವು. ಇನ್ನೊಂದು ಕಡೆ ಕೊಯ್ಲಿಗೆ ಬಂದ ಭತ್ತದ ಗದ್ದೆ. ಕಲ್ಲಿನ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ನಾವು ಹುಚ್ಚೆಳ್ಳಿನ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದೆವು. ಸಿದ್ದಯ್ಯ ತನ್ನ ಬುತ್ತಿಯನ್ನೇ ಬಿಚ್ಚಿಕೊಂಡ. ಒಂದು ತಿರುವಿನಲ್ಲಿ ಗೌಡರು ಕತ್ತು ಎತ್ತಿ ಒಂದೇ ಕಡೆ ನೋಡತೊಡಗಿದರು.

“ನಮ್ ಗದ್ದೆ ಸಾ ಅದು. ನೀರ್ ಕಡೆಯಿಂದ ನಾನು ನೋಡೇ ಇರ್ಲಿಲ್ಲ.”

ಈಗ ಅದನ್ನು ಉಳುತ್ತಿದ್ದವರು ಅವರ ತಮ್ಮಂದಿರು. ಗೌಡರು, “ಬದು ಸರ್ಯಾಗಿ ಆಕಿಲ್ಲ,” ಎಂದು ಆ ಕಡೆಗೆ ಬೆನ್ನು ತಿರುಗಿಸಿದರು.

ಕೊಪ್ಪಲು ಹತ್ತಿರವಾದಾಗ ನಾನು ಕೆಂಪಮ್ಮನ ಮಡಿಲಲ್ಲಿ ರಕ್ತ ಕಂಡೆ. ಬಿದಿರಿನ ಸೀಳೊಂದು ಆಕೆಯ ಅಂಗೈಗೆ ಆಳವಾಗಿ ಹೊಕ್ಕಿತ್ತು. ಎಷ್ಟು ಹೊತ್ತಿನಿಂದ ಅದನ್ನೇ ಒತ್ತಿ ಹಿಡಿದಿದ್ದಳೋ. ನನ್ನ ನೋಟ ನೋಡಿ ಆಕೆಯೂ ಕೆಳಗೆ ನೋಡಿದಳು. ಸೀಳನ್ನು ಕಿತ್ತು, ತೊಳೆದು, ಚೀಲದಿಂದ ಬ್ಯಾಂಡೇಜ್ ತೆಗೆದೆ.

“ಕಟ್ಬ್ಯಾಡಿ ಸಾ, ಮಗ ನೋಡ್ತದೆ,” ಎಂದಳು.

“ಕಟ್ಟದಿದ್ರೆ ಹುಣ್ಣಾಗ್ತದೆ.”

ನಾನು ಕಟ್ಟಿದೆ. ಆಕೆ ಆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಮಡುವಿನ ದಡದಲ್ಲಿ, ಒಗೆಯುವ ಕಲ್ಲಿನ ಹತ್ತಿರ ಮುದುಕಿ ಕಾದಿದ್ದರು. ಅವರ ಹಿಂದೆ ಅರ್ಧ ಮರೆಯಾಗಿ ಎರಡು ಜಡೆಯ ಹುಡುಗಿ. ಸಿದ್ದಯ್ಯ ಗಳವನ್ನು ನೆಲಕ್ಕೆ ಊರಿ, ದಡಕ್ಕೆ ಎರಡು ಮಾರು ದೂರದಲ್ಲಿ ಹರಿಗೋಲನ್ನು ನಿಲ್ಲಿಸಿದ. ಹುಡುಗಿ ಹರಿಗೋಲಿನಲ್ಲಿದ್ದ ಮೂವರು ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಅಜ್ಜಿಯ ಸೀರೆ ಜಗ್ಗಿ ಕೇಳಿದಳು: “ಇವ್ರಲ್ಲಿ ಯಾರಜ್ಜಿ?”

ಅಜ್ಜಿ ಬಾಯಿ ತೆರೆಯುವ ಮೊದಲೇ ಕೆಂಪಮ್ಮ, “ನಾನು ಕಣವ್ವ,” ಎಂದು ಕೈ ಎತ್ತಿದಳು. ಎತ್ತಿದ್ದು ಬ್ಯಾಂಡೇಜಿನ ಕೈಯನ್ನೇ. ಬಚ್ಚಿಟ್ಟಿದ್ದು ಆ ಗಳಿಗೆಯಲ್ಲಿ ಮರೆತಿತ್ತು.

“ಕೈಗೆ ಏನಾಯ್ತು?”

“ಸೀಳು ಚುಚ್ತು.”

“ನೋಯ್ತದಾ?”

“ಇಲ್ಲ ಕಣವ್ವ,” ಎಂದಳು ಕೆಂಪಮ್ಮ. ಮಕ್ಕಳಿಗೆ ಎಲ್ಲ ತಾಯಂದಿರೂ ಹೇಳುವ ಮಾತು ಅದು. ಈಕೆಯ ವಿಷಯದಲ್ಲಿ ಮಾತ್ರ ನಿಜವಾಗಿತ್ತು.

ಹುಡುಗಿ ಲಂಗ ಎತ್ತಿ ಹಿಡಿದು ನೀರಿಗಿಳಿದಳು. ನಾನು ಅಜ್ಜಿಯ ಮುಖ ನೋಡಿದೆ. ದೂರದಿಂದ ತೋರಿಸುವುದು ಎಂದು ಮಾತಾಗಿತ್ತು, ಹತ್ತಿರ ಬಿಡುವ ಮಾತು ಬಂದಿರಲಿಲ್ಲ. ಮುದುಕಿ ಒಗೆಯುವ ಬಟ್ಟೆಯನ್ನು ಕೈಯಲ್ಲಿ ಹಿಡಿದೇ, “ಮೊಣಕಾಲ್ ಗಂಟ ಅಷ್ಟೆಯಾ,” ಎಂದರು. ಸಿದ್ದಯ್ಯ ನನ್ನನ್ನೂ ಕೇಳದೆ, ಯಾರನ್ನೂ ಕೇಳದೆ, ಗಳ ಒತ್ತಿ ಹರಿಗೋಲನ್ನು ಇನ್ನಷ್ಟು ಒಳಕ್ಕೆ ತಂದ.

ಹುಡುಗಿ ಹರಿಗೋಲಿನ ಅಂಚಿಗೆ ಬಂದು ತಾಯಿಯ ಇನ್ನೊಂದು ಕೈಯನ್ನು ಹಿಡಿದುಕೊಂಡಳು. ಕೆಂಪಮ್ಮ ಆ ಕೈಯನ್ನು ನೋಡಿದಳು. ಬೇರೆ ಯಾರದೋ ಕೈಯನ್ನು ಯಾರೋ ಹಿಡಿದಿದ್ದಾರೆ ಎನ್ನುವಂತೆ ನೋಡಿದಳು. ಆರು ವರ್ಷ ಕಾದದ್ದು ಕೈಗೆ ಬಂದಿತ್ತು, ಬಂದದ್ದು ಆಕೆಗೆ ತಿಳಿಯುತ್ತಿರಲಿಲ್ಲ.

“ಅಲ್ಲಿ ಬ್ಯಾಡ ಕಣವ್ವ,” ಎಂದಳು. “ಅಲ್ಲಿ ಇಡ್ಕಂಡ್ರೆ ನಂಗೆ ಗೊತ್ತಾಗಕಿಲ್ಲ. ಇಲ್ಲಿ, ಮೊಣಕೈ ಮ್ಯಾಲೆ ಇಡ್ಕ.”

ಹುಡುಗಿ ಲಂಗ ಬಿಟ್ಟು ಎರಡೂ ಕೈಯಿಂದ ತಾಯಿಯ ತೋಳನ್ನು ಹಿಡಿದಳು. ಲಂಗ ನೀರಿನಲ್ಲಿ ತೇಲಿತು. ಕೆಂಪಮ್ಮ ಕಣ್ಣು ಮುಚ್ಚಿಕೊಂಡಳು. ನನ್ನ ಪರೀಕ್ಷೆಯಲ್ಲಿ ಒಂದು ದಿನವೂ ಪೂರ್ತಿ ಮುಚ್ಚದವಳು ಅಂದು ಬಿಗಿಯಾಗಿ ಮುಚ್ಚಿದಳು. “ಹೂಂ,” ಎಂದಳು, ತನಗೆ ತಾನೇ ಹೇಳಿಕೊಂಡ ಹಾಗೆ.

ಎಷ್ಟು ಹೊತ್ತು ಹಾಗಿದ್ದರೋ ನಾನು ಗಡಿಯಾರ ನೋಡಲಿಲ್ಲ. ದಡದ ಮೇಲೆ ದನ ಹೊಡೆದುಕೊಂಡು ಬರುವ ಸದ್ದಾದಾಗ ಅಜ್ಜಿ, “ಸಾಕು ಬಾ ಮಗ,” ಎಂದರು. ಹುಡುಗಿ ಹೋದಳು. ಕೆಂಪಮ್ಮನ ತೋಳಿನ ಮೇಲೆ ಮಗುವಿನ ಒದ್ದೆ ಕೈಗಳ ಗುರುತಿತ್ತು. ಬಿಸಿಲಿಗೆ ಅದು ಆರುವವರೆಗೂ ಆಕೆ ಸೆರಗನ್ನು ಆ ತೋಳಿನ ಮೇಲೆ ಬೀಳಗೊಡಲಿಲ್ಲ.

ವಾಪಸು ಬರುವಾಗ ನನಗೆ ಅಳು ಬರಲಿಲ್ಲ. ಬರಬೇಕಿತ್ತು ಎಂದು ಮಾತ್ರ ಅನ್ನಿಸಿತು, ಬರಲಿಲ್ಲವಲ್ಲ ಎಂದು ಹೆದರಿಕೆಯಾಯಿತು. ಮೂರು ವರ್ಷದಲ್ಲಿ ನನಗೆ ಆದ ಮೊದಲ ಹೆದರಿಕೆ ಅದು. ಮನೆಗೆ ಬಂದು ಹಿತ್ತಿಲಿನ ಹಂಡೆಯ ಮುಂದೆ ಕೂತು, ನೀರಿಗೆ ಬೆರಳು ಅದ್ದಿ ನೋಡಿದೆ. ಬಿಸಿಯಿತ್ತು. ಬಿಸಿಯೆಂದು ತಿಳಿಯಿತು. ಅಷ್ಟು ಸಾಕೆನಿಸಿ ಸ್ನಾನ ಮಾಡಿದೆ.

ಸಿದ್ದಯ್ಯ ಚರ್ಮ ಬದಲಿಸಲಿಲ್ಲ. ಕೆಲವು ವಾರ ಬಿಟ್ಟು ನೋಡಿದರೆ ಅದೇ ಹರಿಗೋಲಿನಲ್ಲಿ ಸಂತೆಯ ಜನ, ಕುರಿ, ಮೂಟೆ ಎಲ್ಲ ದಾಟುತ್ತಿದ್ದವು. ಕೇಳಿದ್ದಕ್ಕೆ, “ಇನ್ನೊಂದ್ ಮಳ್ಗಾಲ ಬತ್ತದೆ ಬುಡಿ ಸಾ,” ಎಂದ. ನಾನು ಕೊಣನೂರಿನಲ್ಲಿ ಇದ್ದಷ್ಟು ವರ್ಷವೂ ಹೊಳೆ ಇಳಿದ ಮೇಲೆ ಒಂದು ಹಗಲು ಪಿಕ್ನಿಕ್ ನಡೆಯಿತು. ಆ ಹುಡುಗಿ ಬೆಳೆದಂತೆ ಮಡುವಿನ ನೀರು ಅವಳ ಮೊಣಕಾಲಿಗಿಂತ ಕೆಳಗಾಯಿತು. ಕೆಂಪಮ್ಮ ಮಾತ್ರ ದಡಕ್ಕೆ ಒಂದು ಸಲವೂ ಇಳಿಯಲಿಲ್ಲ. ಮಗಳ ಮದುವೆಗೂ ಆಕೆಯನ್ನು ಕರೆಯಲಿಲ್ಲ. ಆ ಊರು ಆಕೆಯ ಪಾಲಿಗೆ ಕೊನೆಯವರೆಗೂ ನೀರಿನ ಅಂಚಿಗೇ ನಿಂತಿತ್ತು.

ಮುಂದೆ ನಾನು ಚನ್ನರಾಯಪಟ್ಟಣ, ಹಾಸನಗಳಲ್ಲಿ ಕೆಲಸ ಮಾಡಿದೆ, ಹೊಸಬರಿಗೆ ತರಬೇತಿಯನ್ನೂ ಕೊಟ್ಟೆ. ಅವರೆಲ್ಲ ನನ್ನ ಹಾಗೆಯೇ ಹತ್ತಿ ಎಳೆ ಹಿಡಿದ ಕೂಡಲೇ ಮಚ್ಚೆಯ ಮೇಲೆ, ಸತ್ತ ಜಾಗದ ಮೇಲೆ ಇಡಲು ಹೋಗುತ್ತಿದ್ದರು. ನಾನು ಕೈ ಹಿಡಿದು ನಿಲ್ಲಿಸುತ್ತಿದ್ದೆ. ಮೊದಲು ಗೊತ್ತಾಗುವ ಜಾಗಕ್ಕೆ ತಾಕಿಸಿ ಎನ್ನುತ್ತಿದ್ದೆ. ಎದುರು ಕೂತವರು ಕಣ್ಣು ಮುಚ್ಚಿಕೊಂಡು ಒಂದು ಸಲ “ಹೂಂ” ಎನ್ನಲಿ. ಆಮೇಲೆ ಸತ್ತ ಜಾಗಕ್ಕೆ ಹೋಗಿ.