ಆಮ್ಯಾಲ ಅನ್ನಬ್ಯಾಡ

ಆಗ ನಮ್ಮ ಚಿತ್ತವಾಡ್ಗಿಯಲ್ಲಿ ಬಿಳಿ ಬಟ್ಟೆ ಉಡುವವರು ಧೈರ್ಯವಂತರು. ಸಂಡೂರಿನ ಕಡೆಯಿಂದ ಬರುವ ಅದಿರು ಲಾರಿಗಳ ದೂಳಿಗೆ, ಒಣಹಾಕಿದ ಸೀರೆಯಿಂದ ಹಿಡಿದು ಮೊಸರಿನ ಕೆನೆಯವರೆಗೆ ಎಲ್ಲ ಕೆಂಪಾಗುತ್ತಿತ್ತು. ನಾವು ಹುಡುಗಿಯರು ಆ ದೂಳಿನ ಮೇಲೇ ಬೆರಳಿಂದ ಗೆರೆ ಎಳೆದು ಕುಂಟಾಬಿಲ್ಲೆ ಆಡುತ್ತಿದ್ದೆವು.

ಪಕ್ಕದ ಮನೆಯ ನೀಲಮ್ಮಜ್ಜಿಯ ಒಬ್ಬನೇ ಮಗ ವೀರೇಶಣ್ಣ ಅಂಥದೇ ಲಾರಿಯ ಡ್ರೈವರ್. ಅದಿರು ತುಂಬಿಕೊಂಡು ಘಟ್ಟ ಇಳಿದು ಬಂದರಿಗೆ ಹೋಗಿಬರುತ್ತಿದ್ದ. ಅಜ್ಜಿಗೆ ಮೊಣಕಾಲು ನೋವು, ಕಿವಿ ಮಂದ. ಅಮ್ಮ ಸಂಜೆ ಹೋಗಿ ಬೆಚ್ಚಗಿನ ಎಣ್ಣೆ ತಿಕ್ಕಿ, ಏಳುವ ಮುಂಚೆ ಕೇಳುತ್ತಿದ್ದಳು, "ಪ್ರಾರ್ಥನಿ ಮಾಡ್ಲೇನ್ರಿ ಅವ್ವಾರ?"

ಬ್ಯಾಡ ಅಂದ ದಿನ ಸುಮ್ಮನೆ ಬಟ್ಟಲು ತೊಳೆದುಕೊಂಡು ಬರುತ್ತಿದ್ದಳು. ಹೂಂ ಅಂದ ದಿನ ಅಜ್ಜಿ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂರುತ್ತಿದ್ದಳು. ಅಮ್ಮ ಯೇಸಪ್ಪನಿಗೆ ಆ ಮೊಣಕಾಲಿನ ವರದಿ ಒಪ್ಪಿಸುತ್ತಿದ್ದಳು.

"ಎಣ್ಣಿ ಹಚ್ಚಿ ಹಚ್ಚಿ ಮುದುಕಿನ್ನ ಚರ್ಚಿಗೆ ಜಾರಿಸ್ತಾಳ ನೋಡು," ಎಂದು ನಲ್ಲಿಯ ಹತ್ತಿರ ಹೆಂಗಸರು ನಗುತ್ತಿದ್ದರು. ನಾನು ಮಾತ್ರ ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಡುತ್ತಿದ್ದೆ. ಇಡೀ ಓಣಿಗೆ ಚರ್ಚಿಗೆ ಹೋಗುವ ಮನೆ ನಮ್ಮದೊಂದೇ, ಅದೂ ಬಾಡಿಗೆಯದು.

ಒಂದು ದಿನ ಅಜ್ಜಿ ನನ್ನನ್ನು ಹಿಡಿದು ನಿಲ್ಲಿಸಿದಳು. "ನಿಮ್ಮವ್ವ ದೇವ್ರನ್ನ ಚೊಲೋತ್ನಂಗ ಕೇಳ್ತಾಳ. ಕಡೀಗೆ ಯಾಕ 'ಆಮ್ಯಾಲ' ಅಂತಾಳ? ಈಗ ಕೊಡಪ್ಪ ಅನ್ನಾಕ ಏನು ರೋಗ?"

ಅಜ್ಜಿಯ ಕಿವಿಗೆ 'ಆಮೆನ್' ಹಾಗೆ ಕೇಳಿತ್ತು. ಮನೆಗೆ ಬಂದು ಹೇಳಿದಾಗ ನನ್ನ ಜೊತೆ ಅಮ್ಮನೂ ನಕ್ಕಳು, ಆದರೆ ತಿದ್ದಲು ಹೋಗಲಿಲ್ಲ. "ಅವ್ರಾಗೇ ನನ್ನ ಕೇಳ್ಲಿ, ಹೇಳ್ತೀನಿ," ಅಂದಳು.

ಆ ಬೇಸಿಗೆಯಲ್ಲೇ ವೀರೇಶಣ್ಣ ಬರಬೇಕಾದ ದಿನ ಬರಲಿಲ್ಲ. ಮರುದಿನವೂ ಇಲ್ಲ. ಘಟ್ಟದಲ್ಲಿ ಯಾವುದೋ ಲಾರಿ ಉರುಳಿದೆಯೆಂಬ ಸುದ್ದಿ ಮಾತ್ರ ಬಂತು. ಅವನ ಮೊಬೈಲು ಹತ್ತುತ್ತಿರಲಿಲ್ಲ. ಅಮ್ಮ ಮಾಡಿ ಒಯ್ದ ಒಗ್ಗರಣೆ ಮಂಡಕ್ಕಿ ತಟ್ಟೆಯಲ್ಲೇ ಮೆತ್ತಗಾಯಿತು. ಅವನು ಬಾರದಿದ್ದರೆ ಓಣಿಯವರು ತಪ್ಪನ್ನು ಅಮ್ಮನ ಪ್ರಾರ್ಥನೆಯ ಮೇಲೇ ಹಾಕುತ್ತಾರೆ, ಅಜ್ಜಿ ಇನ್ನು ನಮ್ಮ ಮುಖ ನೋಡುವುದಿಲ್ಲ ಎಂದು ನನಗೆ ಹೆದರಿಕೆ. ಯೇಸಪ್ಪ ಒಲ್ಲೆ ಅಂದುಬಿಟ್ಟರೆ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ.

ಸಂಜೆ ಅಜ್ಜಿ ಅಮ್ಮನ ಮಣಿಕಟ್ಟು ಬಿಗಿಯಾಗಿ ಹಿಡಿದಳು. "ನಿಮ್ಮ ದೇವ್ರನ್ನ ಕೇಳು ಮಾರ್ಥಾ. ಆದ್ರ ಇವತ್ತು ಆಮ್ಯಾಲ ಅನ್ನಬ್ಯಾಡ."

ಅಮ್ಮ ಪ್ರಾರ್ಥಿಸಿದಳು. ಕೊನೆಗೆ ಬಂದಾಗ ತುಟಿ ಬಿಗಿದು, ಅಜ್ಜಿಯ ಕೈ ಹಿಡಿದು ಸುಮ್ಮನೆ ಕುಳಿತಳು. ನನ್ನ ಜೀವವೇ ಹಾರಿತು. ಆಮೆನ್ ಇಲ್ಲದ ಪ್ರಾರ್ಥನೆ ಸ್ಟಾಂಪಿಲ್ಲದ ಕಾಗದವಿದ್ದಂತೆ ಎಂದು ಸಂಡೇ ಸ್ಕೂಲಿನಲ್ಲಿ ಕಲಿತಿದ್ದೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೂತು, ಲಂಗದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ಅಮ್ಮನ ಪಾಲಿನ ಆಮೆನ್ನನ್ನು ನಾನೇ ಹೇಳಿದೆ. ಬಾಯಿ ಒಣಗುವವರೆಗೆ ಹೇಳಿದೆ.

ಮರುದಿನ ಮಧ್ಯಾಹ್ನ ವೀರೇಶಣ್ಣ ಬಂದ. ಲಾರಿಯ ಆ್ಯಕ್ಸಲ್ ಮುರಿದು ಘಟ್ಟದಲ್ಲೇ ನಿಂತಿತ್ತಂತೆ. ಅಜ್ಜಿ ಅವನ ಮೈಯೆಲ್ಲ ಸವರಿ ನೋಡಿ ಅಮ್ಮನ ಕಡೆ ತಿರುಗಿದಳು. "ನೋಡ್ದಿ? ಆಮ್ಯಾಲ ಅನ್ನಲಿಲ್ಲ, ಬಂದ. ದಿನಾ ಯಾಕ ಹಂಗ ಅಂತಿದ್ದಿ?"

ಅಮ್ಮ ಕಿವಿಯ ಹತ್ತಿರ ಬಾಗಿ ಹೇಳಿದಳು. "ಅದು ಆಮೆನ್ ರೀ ಅವ್ವಾರ. 'ಹಂಗ ಆಗ್ಲಿ' ಅಂತ."

"ಮೊದ್ಲೇ ಹೇಳಬಾರ್ದೇನು?"

"ನೀವು ನನ್ನ ಕೇಳ್ಲಿಲ್ಲಲ್ರಿ."

ಅಂದಿನಿಂದ ಅಜ್ಜಿ ಲಿಂಗ ಹಿಡಿದುಕೊಂಡೇ, ಅಮ್ಮನಿಗಿಂತ ಜೋರಾಗಿ "ಹಂಗ ಆಗ್ಲಿ" ಅನ್ನುತ್ತಿದ್ದಳು. ಸಾಯುವವರೆಗೂ ಅಂದಳು.

ಈಗ ಅಮ್ಮನೂ ಇಲ್ಲ. ಆ ಅದಿರು ಲಾರಿಗಳೂ ಇಲ್ಲ, ಬಟ್ಟೆಗಳು ಬೆಳ್ಳಗೆ ಒಣಗುತ್ತವೆ. ಕಳೆದ ವರ್ಷ ಮಗಳ ಆಪರೇಷನ್ ಆಗುವಾಗ ಬಾಗಿಲ ಹೊರಗೆ ಒಬ್ಬಳೇ ಕೂತು ಪ್ರಾರ್ಥಿಸಿದೆ. ಫೋನಿನ ತುಂಬ ಚರ್ಚಿನವರ ಆಮೆನ್‌ಗಳು ಬಂದು ಬೀಳುತ್ತಿದ್ದವು. ಮಣಿಕಟ್ಟು ಹಿಡಿದು "ಇವತ್ತು ಆಮ್ಯಾಲ ಅನ್ನಬ್ಯಾಡ" ಎಂದು ಗದರುವವರು ಪಕ್ಕದಲ್ಲಿ ಯಾರೂ ಇರಲಿಲ್ಲ.